ಬಿಸಿಲು ಕಾಯಿಸಲು ಮೈಸೂರಿನ ಕೆರೆಗೆ

ಶುಕ್ರವಾರ ರಾತ್ರಿ

ಈ ಸಲ ಜನವರಿ 26 ಸೋಮವಾರ ಬಿದ್ದಿತ್ತು. ಕ್ಯಾಲೆಂಡರ್ ನೋಡಿದ್ದೇ ತಡ, ನಮ್ಮ ಹಳೇ ವಾಟ್ಸಾಪ್ ಗುಂಪಿನಲ್ಲಿ ಗಲಾಟೆ ಶುರುವಾಯಿತು. ಒಬ್ಬ ಗೋವಾ ಅಂದ, ಇನ್ನೊಬ್ಬ ಚಿಕ್ಕಮಗಳೂರು ಅಂದ. ಲಾಂಗ್ ವೀಕೆಂಡಿನ ರೂಮು ರೇಟು ನೋಡಿದ ಮೇಲೆ ಇಬ್ಬರೂ ತಣ್ಣಗಾದರು. ಕೊನೆಗೆ ಸುಮ ಬರೆದಳು: "ಮೈಸೂರಿಗೆ ಬನ್ರೋ. ಮೇಲಿನ ಮನೆ ಬಾಡಿಗೆಯವರು ಖಾಲಿ ಮಾಡಿದಾರೆ. ಚಾಪೆ ಹಾಸ್ಕೊಂಡು ಬಿದ್ಕೊಳ್ಳಿ. ಹಗಲೆಲ್ಲ ಕೆರೆ ಸುತ್ತೋಣ."

ನಾವೆಲ್ಲ ಮಾನಸಗಂಗೋತ್ರಿಯಲ್ಲಿ ಓದಿದವರು. ಓದಿದ್ದಕ್ಕಿಂತ ಪಕ್ಕದ ಕುಕ್ಕರಹಳ್ಳಿ ಕೆರೆ ಸುತ್ತಿದ್ದೇ ಜಾಸ್ತಿ. ಹಾಗಾಗಿ ಯಾರೂ ಎದುರು ಮಾತಾಡಲಿಲ್ಲ.

ನಾನು ಬೆಂಗಳೂರಿನಿಂದ ಸಂಜೆ ರೈಲು ಹತ್ತಿದೆ. ಮೇಷ್ಟ್ರು ಹಾಸನದಿಂದ ಬಸ್ಸಿನಲ್ಲಿ ಬಂದರು. ಅವರು ನಮ್ಮ ಕ್ಲಾಸ್‌ಮೇಟೇ. ಈಗ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಾರೆ. ಓದುವಾಗಲೇ ಪಾಠ ಮಾಡುವ ಚಾಳಿ ಇತ್ತು. ಅವತ್ತಿನಿಂದ ಅವರು ಮೇಷ್ಟ್ರು, ಬಹುವಚನ ಕೂಡ ಅಂಟಿಕೊಂಡಿತು. ಉದ್ದ ಶಿವಮೊಗ್ಗದಿಂದ ಕಾರು ಓಡಿಸಿಕೊಂಡು ಬಂದ. ಅವನಿಗೆ ಬ್ಯಾಂಕಿನಲ್ಲಿ ಕೆಲಸ. ಆರಡಿ ಮೂರಂಗುಲ ಇದ್ದಾನೆ, ಹೆಸರಿಗೆ ಬೇರೆ ಕಾರಣ ಬೇಕಿಲ್ಲ.

ಸರಸ್ವತಿಪುರಂನ ಮನೆ ತಲುಪಿದಾಗ ರಾತ್ರಿ ಹತ್ತು. ಸುಮನ ಅಮ್ಮ, ಅಂದರೆ ನಮ್ಮ ಆಂಟಿ, ಅವರೆಕಾಳು ಉಪ್ಪಿಟ್ಟು ಮಾಡಿಟ್ಟಿದ್ದರು. ಸಂಕ್ರಾಂತಿಯ ಎಳ್ಳುಬೆಲ್ಲ ಇನ್ನೂ ಡಬ್ಬಿಯಲ್ಲಿ ಉಳಿದಿತ್ತು. ಅವಳ ಅಪ್ಪ, ನಮ್ಮ ಅಂಕಲ್, ಟಿವಿ ಆಫ್ ಮಾಡಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ಎಲ್ಲರಿಗೂ ಹೊಟ್ಟೆ ಬಂದಿದೆ. ಬೆಳಿಗ್ಗೆ ಆರಕ್ಕೆ ಹೊರಡಬೇಕು" ಅಂದರು.

ಶನಿವಾರ

ಆರಕ್ಕೆ ಯಾರೂ ಏಳಲಿಲ್ಲ. ಅಂಕಲ್ ಎರಡು ಸಲ ಮೆಟ್ಟಿಲ ಹತ್ತಿರ ಬಂದು ಕೂಗಿ, ಬೈದುಕೊಂಡು ಒಬ್ಬರೇ ಹೋದರು. ನಾವು ಕೆರೆ ಮುಟ್ಟಿದಾಗ ಏಳೂವರೆ ದಾಟಿತ್ತು. ಅದೇ ಒಳ್ಳೆಯದಾಯಿತು ಅಂತ ಈಗಲೂ ನನ್ನ ವಾದ.

ಮೈಸೂರಿನವರು ಕೆರೆ ನೋಡಬೇಕಾದರೆ ಬೆಳಗಿನ ಜಾವ ಬನ್ನಿ ಅನ್ನುತ್ತಾರೆ. ಮಂಜು ಇರುತ್ತೆ, ಸೂರ್ಯ ಹುಟ್ಟೋದು ಕಾಣುತ್ತೆ, ಎಲ್ಲಾ ನಿಜ. ಆದರೆ ಜನವರಿಯಲ್ಲಿ ಆ ಹೊತ್ತಿಗೆ ಕಾಣುವುದು ಮಂಕಿ ಕ್ಯಾಪು ಮತ್ತು ಸ್ವೆಟರ್ ಮಾತ್ರ. ಹಕ್ಕಿಗಳೂ ಮುದುರಿಕೊಂಡು ಕೂತಿರುತ್ತವೆ. ಎಂಟರ ಹೊತ್ತಿಗೆ ಬಿಸಿಲು ಏರಿ ನೀರಿನ ಮೇಲೆ ಬೀಳಬೇಕು. ಆಗ ಕೆರೆ ಕೆಲಸ ಶುರು ಮಾಡುತ್ತದೆ.

ಗೇಟಿನ ಹತ್ತಿರ ಅಂಕಲ್ ತಮ್ಮ ವಾಕಿಂಗ್ ಗುಂಪಿನ ಜೊತೆ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಅವರದು ಮುಗಿದಿತ್ತು. ನಮ್ಮನ್ನು ನೋಡಿದ ಕೂಡಲೇ, "ಬಂದ್ರಾ? ಇನ್ನೊಂದು ಸುತ್ತು ನಡೀರಿ, ನಾನೂ ಬರ್ತೀನಿ" ಅಂತ ಎದ್ದರು. ಎಪ್ಪತ್ತು ದಾಟಿದವರು. ಪೂರ್ತಿ ಸುತ್ತು ಹೆಚ್ಚುಕಡಿಮೆ ನಾಲ್ಕೈದು ಕಿಲೋಮೀಟರ್. ಉದ್ದ ನನ್ನ ಮುಖ ನೋಡಿದ.

ಈ ಕೆರೆ ಕಟ್ಟಿಸಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರು, 1864ರಲ್ಲಿ. ಉದ್ದೇಶ ನೀರಾವರಿ. ದಿವಾನ್ ಪೂರ್ಣಯ್ಯನವರು ಊರಿಗೆ ನೀರು ತರಲೆಂದು ತೋಡಿಸಿದ ಕಾಲುವೆ ಅಂದುಕೊಂಡ ಹಾಗೆ ಕೆಲಸಕ್ಕೆ ಬರಲಿಲ್ಲ. ಆದರೆ ಮಳೆನೀರನ್ನು ಈ ಕೆರೆಗೆ ಮುಟ್ಟಿಸಲು ಅದೇ ಪೂರ್ಣಯ್ಯ ನಾಲೆ ಆಸರೆಯಾಯಿತು. ಈಗ ಕೆರೆ ಮೈಸೂರು ವಿಶ್ವವಿದ್ಯಾನಿಲಯದ ಸ್ವತ್ತು. ಕುವೆಂಪು ವಾಕ್ ಬರುತ್ತಿದ್ದ ಕೆರೆ ಇದೇ. 1956ರಿಂದ 60ರವರೆಗೆ ಅವರು ಕುಲಪತಿಯಾಗಿದ್ದರು. ಪಕ್ಕದ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರೂ ಅವರೇ.

"ಗದ್ದೆಗೆ ಅಂತ ಕಟ್ಟಿದ್ದು ಕಣಯ್ಯಾ" ಅಂದರು ಅಂಕಲ್, ಏರಿಯ ಮೇಲೆ ನಿಂತು. "ಈಗ ಕೆರೆ ಕೆಳಗೆ ಗದ್ದೆ ತೋರಿಸು ನೋಡೋಣ. ಬರೀ ತಾರಸಿ ಮನೆ. ತೂಬಿಗೂ ಕೆಲಸ ಇಲ್ಲ, ನನಗೂ ಇಲ್ಲ. ಇಬ್ಬರೂ ರಿಟೈರ್ಡು."

ಏರಿಯ ಮೇಲಿಂದ ಚಾಮುಂಡಿ ಬೆಟ್ಟ ನಿಚ್ಚಳವಾಗಿ ಕಾಣುತ್ತಿತ್ತು. ಚಾಮರಾಜನಗರದ ಲೈನಿನಲ್ಲಿ ಒಂದು ರೈಲು ಕೂಗಿಕೊಂಡು ಹೋಯಿತು. ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್‌ಗಳು, ತುಂಬಿದ್ದವು. ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರಿನಲ್ಲಿ ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವಲ್ಲ, ಅದೇ ಜಾತಿ. ಒಂದು ಹೆಜ್ಜಾರ್ಲೆ ನೀರಿನಿಂದ ಮೇಲೇಳಲು ಹೊರಟಿತು. ತುಂಬಿದ ಸರ್ಕಾರಿ ಬಸ್ಸು ಘಾಟಿ ಹತ್ತಿದ ಹಾಗೆ. ಎರಡೂ ಕಾಲಿನಿಂದ ನೀರು ಒದೆಯುತ್ತಾ, ರೆಕ್ಕೆ ಬಡಿಯುತ್ತಾ, ಈಗ ಬೀಳುತ್ತೆ ಆಗ ಬೀಳುತ್ತೆ ಅನ್ನುವಷ್ಟರಲ್ಲಿ ಹೇಗೋ ಎದ್ದಿತು. ಒಮ್ಮೆ ಎದ್ದ ಮೇಲೆ ಮಾತ್ರ ಅದರ ಗತ್ತೇ ಬೇರೆ. ರೆಕ್ಕೆ ಅಲುಗಿಸದೆ ನಮ್ಮ ತಲೆ ಮೇಲೆ ಹೋಯಿತು. ಅದರ ನೆರಳು ಉದ್ದನ ಮುಖದ ಮೇಲೆ ಹಾದದ್ದು ಎಲ್ಲರಿಗೂ ಕಾಣಿಸಿತು.

ಅಲ್ಲಿಂದ ಸ್ವಲ್ಪ ಮುಂದೆ ಸುಮ ನನ್ನ ಶರ್ಟು ಹಿಡಿದು ಎಳೆದಳು. "ಹಾವು ಹಾವು!"

ನೀರಿನಲ್ಲಿ ಸಣ್ಣಗೆ ಒಂದು ಕತ್ತು ಸಾಗುತ್ತಿತ್ತು. ಕಂದು ಬಣ್ಣ. ಆಚೆ ಈಚೆ ತಿರುಗಿ ನೋಡುತ್ತಿತ್ತು. ಮೇಷ್ಟ್ರು ನಕ್ಕರು. ಹಾವಕ್ಕಿ. ಮೈ ಪೂರಾ ನೀರೊಳಗೆ, ಕತ್ತು ಮಾತ್ರ ಮೇಲೆ. ನೋಡುತ್ತಿದ್ದ ಹಾಗೇ ಕತ್ತೂ ಮುಳುಗಿತು. ನಾವು ಅದು ಏಳುವ ಜಾಗ ಊಹಿಸುತ್ತಾ ನಿಂತೆವು. ನಾನು ಎಡಕ್ಕೆ ಅಂದೆ, ಉದ್ದ ಬಲಕ್ಕೆ ಅಂದ. ಅದು ಎದ್ದಿದ್ದು ನಮ್ಮ ಎದುರಿಗೇ, ದಡದಿಂದ ಹತ್ತು ಹದಿನೈದು ಅಡಿ ದೂರದಲ್ಲಿ. ಕೊಕ್ಕಿನ ತುದಿಯಲ್ಲಿ ಅಂಗೈ ಅಗಲದ ಮೀನು. ಕಚ್ಚಿ ಹಿಡಿದಿರಲಿಲ್ಲ. ಭರ್ಜಿಯಲ್ಲಿ ತಿವಿದ ಹಾಗೆ ಕೊಕ್ಕು ಒಳಗೇ ಹೋಗಿತ್ತು.

ಈಗ ಅದಕ್ಕೆ ಪೇಚು. ಚುಚ್ಚಿದ ಮೀನನ್ನು ಬಾಯಿಗೆ ಹಾಕಿಕೊಳ್ಳುವುದು ಹೇಗೆ? ತಲೆಯನ್ನು ಎರಡು ಸಲ ಜೋರಾಗಿ ಒದರಿತು. ಮೀನು ಬಿಡಲಿಲ್ಲ. ಪಕ್ಕದಲ್ಲಿದ್ದ ಒಣಗಿದ ಕೊರಡಿಗೆ ಮೀನನ್ನು ಬಡಿಯಿತು. ಆಮೇಲೆ ಕತ್ತು ಹಿಂದಕ್ಕೆ ಎಳೆದು ಒಂದೇ ಏಟಿಗೆ ಗಾಳಿಗೆ ಚಿಮ್ಮಿಸಿತು. ಮೀನು ಬಿಸಿಲಿನಲ್ಲಿ ಫಳ್ ಅಂತ ಹೊಳೆಯಿತು. ಕೆಳಗೆ ಬರುವಾಗ ತಲೆ ಮೊದಲು ಮಾಡಿಕೊಂಡು ಸೀದಾ ಬಾಯೊಳಗೆ ಬಿತ್ತು. ಆ ಸಪೂರ ಕತ್ತಿನಲ್ಲಿ ಗಂಟು ಒಂದೊಂದೇ ಅಂಗುಲ ಕೆಳಗಿಳಿಯುವುದನ್ನು ನಾವು ಉಸಿರು ಬಿಡದೆ ನೋಡಿದೆವು. "ನನಗೇ ಗಂಟಲು ಹಿಡಿದ ಹಾಗಾಯ್ತು" ಅಂದ ಉದ್ದ.

ಊಟ ಮುಗಿಸಿ ಅದು ಕೊರಡು ಹತ್ತಿತು. ನಮ್ಮ ಕಡೆ ಬೆನ್ನು ಹಾಕಿ ಎರಡೂ ರೆಕ್ಕೆ ಅಗಲ ಬಿಚ್ಚಿ ಬಿಸಿಲಿಗೆ ಒಡ್ಡಿತು. ಆಚೆ ಕೊರಡಿನ ಮೇಲೆ ನೀರುಕಾಗೆಗಳೂ ಅದೇ ಭಂಗಿಯಲ್ಲಿದ್ದವು.

ಇಲ್ಲಿ ಮೇಷ್ಟ್ರ ಪಾಠ ತಪ್ಪಿಸಿಕೊಳ್ಳಲು ಆಗಲಿಲ್ಲ. ಕೇಳಿದ ಮೇಲೆ ತಪ್ಪಿಸಿಕೊಳ್ಳದೆ ಇದ್ದದ್ದೇ ಸರಿ ಅನ್ನಿಸಿತು. ಬಾತುಕೋಳಿಯ ಮೈ ಮೇಲೆ ನೀರು ನಿಲ್ಲುವುದಿಲ್ಲ, ಜಾರಿ ಹೋಗುತ್ತೆ. ಹಾವಕ್ಕಿ, ನೀರುಕಾಗೆಗಳ ಪುಕ್ಕ ಹಾಗಲ್ಲ. ನೀರು ಕುಡಿಯುತ್ತೆ, ಒದ್ದೆಯಾಗುತ್ತೆ. ಒದ್ದೆಯಾದರೆ ಮೈ ಭಾರ. ಭಾರವಾದರೆ ಸಲೀಸಾಗಿ ಮುಳುಗಬಹುದು, ನೀರೊಳಗೆ ಮೀನಿನ ಹಿಂದೆ ಓಡಬಹುದು. ಆದರೆ ಮೇಲೆ ಬಂದ ಮೇಲೆ ಒಣಗಿಸಿಕೊಳ್ಳಲೇಬೇಕು. ಅಂದರೆ ಬಿಸಿಲಿಲ್ಲದಿದ್ದರೆ ಇವಕ್ಕೆ ಕಷ್ಟ.

ಹಾಗಂತ ಎಲ್ಲರಿಗೂ ಬಿಸಿಲು ಬೇಕು ಅಂತಲ್ಲ. ಮರದ ತುದಿಯಲ್ಲಿದ್ದ ಹೆಜ್ಜಾರ್ಲೆಗಳು ಕೊಕ್ಕು ತೆರೆದು ಗಂಟಲ ಚೀಲವನ್ನು ಪಟಪಟ ಅಲುಗಿಸುತ್ತಿದ್ದವು. ಅದು ಮೈ ತಣ್ಣಗೆ ಮಾಡಿಕೊಳ್ಳುವ ಉಪಾಯವಂತೆ. ಒಂದೇ ಕೆರೆಯಲ್ಲಿ ಒಬ್ಬರು ಬಿಸಿಲು ಕಾಯಿಸುತ್ತಿದ್ದಾರೆ, ಇನ್ನೊಬ್ಬರು ಬೀಸಣಿಗೆ ಬೀಸಿಕೊಳ್ಳುತ್ತಿದ್ದಾರೆ. ನಮ್ಮಲ್ಲೂ ಹಾಗೇ ಆಗಿತ್ತು. ಸುಮ ದುಪಟ್ಟಾ ತಲೆಗೆ ಹೊದ್ದಿದ್ದಳು. ನಾನು ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿ, ಮುಖವನ್ನು ಬಿಸಿಲಿಗೆ ಕೊಟ್ಟು ಬೆಂಚಿನ ಮೇಲೆ ಕೂತೆ. ಬೆಂಗಳೂರಿನಲ್ಲಿ ನನ್ನ ಆಫೀಸು ಕಟ್ಟಡಕ್ಕೆ ಎಲ್ಲಾ ಕಡೆ ಗಾಜು. ಬಿಸಿಲು ಕಾಣುತ್ತೆ, ಮೈಗೆ ತಾಗುವುದಿಲ್ಲ.

ಗುಳುಮುಳುಕಗಳು ಎದ್ದು ಮುಳುಗಿ ಆಟ ಆಡುತ್ತಿದ್ದವು. ಹಳೇ ಕಥೆಗಳು ಎದ್ದವು. ಯಾರು ಯಾರಿಗೆ ಈ ದಾರಿಯಲ್ಲಿ ಪತ್ರ ಕೊಟ್ಟಿದ್ದರು, ಯಾರು ಅದನ್ನು ಓದದೆ ವಾಪಸ್ಸು ಕೊಟ್ಟಿದ್ದರು ಅನ್ನೋದು. ಅಂಕಲ್ ಇದ್ದದ್ದರಿಂದ ಹೆಸರು ಹೇಳಲಿಲ್ಲ. ಅವರು ದೂರ ನೋಡುತ್ತಾ, "ನನಗೆ ಎಲ್ಲಾ ಗೊತ್ತು, ಮುಂದುವರಿಸಿ" ಅಂದರು.

ಮಧ್ಯಾಹ್ನ ಊಟಕ್ಕೆ ಹಿತಕಿದ ಅವರೆಬೇಳೆ ಸಾರು, ಮುದ್ದೆ. ಆಮೇಲೆ ಏನಾಯಿತು ಅಂತ ಬರೆಯಲು ಏನೂ ಇಲ್ಲ. ಎಲ್ಲರೂ ಮಲಗಿದ್ದೆವು.

ಸಂಜೆ ಪೇಟೆಗೆ ಹೊರಟಾಗ ಅಂಕಲ್ ಕಾರಿನಲ್ಲಿ ಕೂತು ಬೇರೆಯದೇ ಕೆರೆಗಳನ್ನು ತೋರಿಸಿದರು. ಅಂದರೆ ಈಗ ಇಲ್ಲದ ಕೆರೆಗಳನ್ನು. ಸುಬ್ಬರಾಯನಕೆರೆ ಈಗ ಸ್ವಾತಂತ್ರ್ಯ ಹೋರಾಟಗಾರರ ನೆನಪಿನ ಪಾರ್ಕು, ಮೈದಾನ. ದೊಡ್ಡಕೆರೆ ಮೈದಾನದಲ್ಲಿ ಈಗ ದಸರಾ ವಸ್ತುಪ್ರದರ್ಶನ ನಡೆಯುತ್ತದೆ. ನಾವು ಅಲ್ಲಿ ಎಷ್ಟೋ ಸಲ ಡೆಲ್ಲಿ ಹಪ್ಪಳ ತಿಂದಿದ್ದೇವೆ. ಕೆರೆಯ ತಳದಲ್ಲಿ ನಿಂತು ತಿನ್ನುತ್ತಿದ್ದೇವೆ ಅಂತ ಒಮ್ಮೆಯೂ ಹೊಳೆದಿರಲಿಲ್ಲ. ಹೆಸರಲ್ಲೇ ಕೆರೆ ಇದೆ, ಆದರೂ.

"ಯಜಮಾನ ಇಲ್ಲದ ಕೆರೆ ಮೈದಾನ ಆಗುತ್ತೆ ಕಣಪ್ಪಾ" ಅಂದರು ಅಂಕಲ್. "ಕುಕ್ಕರಹಳ್ಳಿ ಯೂನಿವರ್ಸಿಟಿ ಕೈಲಿತ್ತು, ಉಳೀತು. ಕಾರಂಜಿ ಝೂ ಕೈಲಿತ್ತು, ಉಳೀತು. ಊರಿಗೆಲ್ಲ ಸೇರಿದ್ದು ಯಾರಿಗೂ ಸೇರಿದ್ದಲ್ಲ."

ಮೇಷ್ಟ್ರಿಗೆ ಇದು ಒಪ್ಪಿಗೆಯಾಗಲಿಲ್ಲ. ಹಿಂದೆ ಊರಿಗೆ ಸೇರಿದ ಕೆರೆಯನ್ನು ಊರವರೇ ಹೂಳೆತ್ತಿ ಕಾಪಾಡುತ್ತಿರಲಿಲ್ಲವಾ ಅಂತ ವಾದಕ್ಕೆ ನಿಂತರು. "ಆಗ ಗದ್ದೆ ಇತ್ತು. ಗದ್ದೆ ಇದ್ದವನಿಗೆ ಕೆರೆ ಬೇಕಿತ್ತು. ಈಗ ನಿನಗೆ ನೀರು ನಲ್ಲೀಲಿ ಬರುತ್ತೆ" ಅಂದರು ಅಂಕಲ್. ದೇವರಾಜ ಮಾರುಕಟ್ಟೆ ಬರುವವರೆಗೂ ಇದೇ ನಡೆಯಿತು. ನನಗೆ ಅಂಕಲ್ ಮಾತೇ ಸರಿ ಅನ್ನಿಸಿತು. ಮೇಷ್ಟ್ರಿಗೆ ಹೇಳಲಿಲ್ಲ, ರಾತ್ರಿ ಒಂದೇ ಚಾಪೆ.

ಭಾನುವಾರ

ಲಿಂಗಾಂಬುಧಿ ಕೆರೆಗೆ ಹೋದೆವು. ಶ್ರೀರಾಂಪುರ, ರಾಮಕೃಷ್ಣನಗರದ ಪಕ್ಕ. ಹತ್ತು ಗಂಟೆಯ ಬಿಸಿಲು ಚೆನ್ನಾಗಿಯೇ ಚುರುಗುಟ್ಟುತ್ತಿತ್ತು.

ಇದೂ ಮುಮ್ಮಡಿಯವರದೇ. 1828ರಲ್ಲಿ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ್ದು. ಪಕ್ಕದಲ್ಲೇ ಮಹಾಲಿಂಗೇಶ್ವರ ದೇವಸ್ಥಾನ. ಕೆರೆ 200 ಎಕರೆಗೂ ಜಾಸ್ತಿ, ಈಗ ನೋಡಿಕೊಳ್ಳುವುದು ಅರಣ್ಯ ಇಲಾಖೆ. ನೋಡಿ, ಇಲ್ಲೂ ಯಜಮಾನ. ಷಾಜಹಾನ್ ಸಮಾಧಿ ಕಟ್ಟಿಸಿದ, ಇವರು ಕೆರೆ ಕಟ್ಟಿಸಿದರು ಅಂತ ಉದ್ದ ಭಾವುಕನಾದ. ಇವತ್ತು ಆಂಟಿಯೂ ಜೊತೆಗೆ ಬಂದಿದ್ದರು. "ನಮ್ಮನೆಯವರೂ ನನ್ನ ಹೆಸರಲ್ಲಿ ಒಂದು ಸಂಪು ಕಟ್ಟಿಸಿದಾರೆ. ಅದನ್ನ ತೊಳೆಸಿ ಅಂತ ಹೇಳಿ ಒಂದು ವರ್ಷ ಆಯ್ತು" ಅಂದರು. ಅಂಕಲ್ ಹಕ್ಕಿ ನೋಡುವವರ ಹಾಗೆ ಆಕಡೆ ತಿರುಗಿದರು.

ಕುಕ್ಕರಹಳ್ಳಿಯಷ್ಟು ಜನ ಇಲ್ಲಿರಲಿಲ್ಲ. ದೊಡ್ಡ ದೊಡ್ಡ ಲೆನ್ಸ್ ಹಿಡಿದ ಕೆಲವರು ಪೊದೆಗಳ ಹಿಂದೆ ಕೂತಿದ್ದರು. ಅವರ ಹತ್ತಿರ ಹೋದರೆ "ಶ್!" ಅನ್ನುತ್ತಾರೆ. ಜೊಂಡಿನ ಅಂಚಿನಲ್ಲಿ ಜಂಬುಕೋಳಿಗಳು ಉದ್ದುದ್ದ ಬೆರಳು ಊರಿಕೊಂಡು ನಡೆಯುತ್ತಿದ್ದವು. ನೇರಳೆ ಮೈ, ಕೆಂಪು ಕೊಕ್ಕು. ನೆರಳಿನಲ್ಲಿ ಕಪ್ಪಗೆ ಕಾಣುವ ಹಕ್ಕಿ ಬಿಸಿಲಿಗೆ ಬಂದ ಕೂಡಲೇ ನೀಲಿಯಾಯಿತು, ತಿರುಗಿದರೆ ನೇರಳೆ, ಮತ್ತೆ ತಿರುಗಿದರೆ ಹಸಿರು. ಆಂಟಿ, "ಮೈಸೂರು ಸಿಲ್ಕಲ್ಲಿ ಈ ಬಣ್ಣ ಇದೆ, ನೋಡಿದೀನಿ" ಅಂದರು. ಮತ್ತೆ ಅಂಕಲ್ ಕಡೆ ನೋಡಿದರು.

ನಾಮದ ಕೋಳಿಗಳಂತೂ ಲೆಕ್ಕವಿಲ್ಲದಷ್ಟು. ಕಪ್ಪು ಮೈ, ಹಣೆಗೆ ಬಿಳೀ ನಾಮ.

ವಾಪಸ್ಸು ಬರುವಾಗ ಅಂಕಲ್ ಕಾರನ್ನು ನಂಜನಗೂಡು ರಸ್ತೆಗೆ ತಿರುಗಿಸಲು ಹೇಳಿದರು. ಯಾಕೆ ಅಂತ ಕೇಳಿದರೆ, "ಚೆನ್ನಾಗಿರೋದನ್ನಷ್ಟೇ ನೋಡ್ಕೊಂಡು ಹೋದ್ರೆ ಹೇಗೆ?" ಅಂದರು. ದಳವಾಯಿ ಕೆರೆ. ರಸ್ತೆಯಿಂದಲೇ ಕಾಣುತ್ತದೆ. ಊರಿನ ಕೊಳಚೆ ಎಷ್ಟೋ ವರ್ಷಗಳಿಂದ ಬಂದು ಸೇರಿದ ಕೆರೆ. ನೀರು ಕಾಣದಷ್ಟು ಅಂತರಗಂಗೆ. ಅದೂ ಬಿಸಿಲಿಗೆ ಹಚ್ಚಹಸಿರಾಗಿ ಹೊಳೆಯುತ್ತಿತ್ತು. ದೂರದಿಂದ ಫೋಟೋ ತೆಗೆದರೆ ಹುಲ್ಲುಗಾವಲು ಅನ್ನಬೇಕು. ಕಾರಿನ ಗಾಜು ಇಳಿಸಿದ ಉದ್ದ ಹಾಗೇ ಏರಿಸಿದ. ಆ ವಾಸನೆಯಲ್ಲೂ ಬೆಳ್ಳಕ್ಕಿಗಳು ಅಂತರಗಂಗೆಯ ಮೇಲೆ ನಿಂತು ಹುಳ ಹೆಕ್ಕುತ್ತಿದ್ದವು.

ನಾವು ಇಳಿಯಲಿಲ್ಲ. ಕೆಳಗಿರುವ ಕೆರೆಗೆ ಊರಿನ ಪಾಪವೆಲ್ಲ ಬರುತ್ತೆ, ಮಳೆನೀರಿಗೆ ಅಂತ ಇದ್ದ ಕಾಲುವೆಗೇ ಚರಂಡಿ ಕೂಡಿಸಿದರೆ ಇನ್ನೇನಾಗುತ್ತೆ ಅಂತ ಮೇಷ್ಟ್ರು ಗೊಣಗಿದರು. ನೀರಿಗೆ ಗೊಬ್ಬರದ ಅಂಶ ಸೇರಿದಷ್ಟೂ ಅಂತರಗಂಗೆ ಹಬ್ಬುತ್ತೆ. ಅದು ಮುಚ್ಚಿದರೆ ಬಿಸಿಲು ನೀರೊಳಗೆ ಇಳಿಯುವುದಿಲ್ಲ. ಬಿಸಿಲು ಇಳಿಯದಿದ್ದರೆ ಕೆಳಗಿನ ಪಾಚಿ, ಗಿಡ ಆಮ್ಲಜನಕ ಬಿಡಲ್ಲ, ಮೀನಿಗೆ ಉಸಿರು ಸಿಗಲ್ಲ. ಮೀನಿಲ್ಲದಿದ್ದರೆ ನಿನ್ನೆ ನೋಡಿದ ಹಾವಕ್ಕಿ ಇಲ್ಲಿ ಯಾಕೆ ಬರುತ್ತೆ? ಪಾಠ ಅನ್ನಿಸಲಿಲ್ಲ. ಕಾರಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಸಂಜೆ ಅರಮನೆಯ ದೀಪ ನೋಡಲು ಹೋಗಿದ್ದೆವು. ಸುಮಾರು ಒಂದು ಲಕ್ಷ ಬಲ್ಬು, ಒಮ್ಮೆಗೇ ಹತ್ತುವಾಗ ಜನರೆಲ್ಲ "ಓ!" ಅಂತಾರೆ. ನಾವೂ ಅಂದೆವು. ಎಷ್ಟು ಸಲ ನೋಡಿದರೂ ಅನ್ನುತ್ತೇವೆ.

ಸೋಮವಾರ

ಬೆಳಿಗ್ಗೆ ಪಕ್ಕದ ಸ್ಕೂಲಿನ ಮೈಕಿನಲ್ಲಿ ಧ್ವಜವಂದನೆಯ ಸದ್ದು ಕೇಳಿ ಎದ್ದೆವು. ಕಾರಂಜಿ ಕೆರೆ ಕೊನೆಗೆ ಅಂತ ಇಟ್ಟುಕೊಂಡಿದ್ದೆವು. ಮಂಗಳವಾರ ಝೂಗೂ ಕಾರಂಜಿಗೂ ರಜೆ, ಅದರ ಹಿಂದಿನ ದಿನ ಅದೂ ಸರ್ಕಾರಿ ರಜೆ ಅಂದರೆ ಜನಜಾತ್ರೆ ಇರುತ್ತೆ ಅಂತ ಗೊತ್ತಿತ್ತು. ಇರಲಿ ಅಂತಲೇ ಹೊರಟೆವು.

ಮೊದಲು ನಜರ್‌ಬಾದಿನಲ್ಲಿ ಮೈಲಾರಿ ದೋಸೆ. ಹೋಟೆಲಿನ ಮುಂದೆ ಫುಟ್‌ಪಾತ್ ತುಂಬಾ ಜನ. ಅರ್ಧ ಗಂಟೆ ಕಾದೆವು. ಒಳಗೆ ಕೂತಿದ್ದವರ ಎಲೆಯನ್ನೇ ನೋಡುತ್ತಾ ನಿಲ್ಲಬೇಕು, ಅವರು ಬೇಗ ತಿನ್ನಲೆಂದು. ನಮ್ಮ ಸರದಿ ಬಂದಾಗ ಯಾರೂ ಮೆನು ಕೇಳಲಿಲ್ಲ. ಆ ದೋಸೆಗೆ ಗರಿಗರಿ ಇಲ್ಲ, ಕೈಯಲ್ಲಿ ಹಿಡಿದರೆ ಬಗ್ಗುತ್ತೆ. ಒಳಗೆ ಸಾಗು, ಮೇಲೆ ಬೆಣ್ಣೆ, ಪಕ್ಕಕ್ಕೆ ಕಾಯಿಚಟ್ನಿ. ಬೆಣ್ಣೆ ಪೂರ್ತಿ ಕರಗುವ ಮೊದಲೇ ತಿನ್ನಬೇಕಾ, ಕರಗಿದ ಮೇಲಾ ಅಂತ ನಮ್ಮೊಳಗೆ ಹಳೇ ಜಗಳ ಇದೆ. ಎರಡೂ ರೀತಿ ತಿಂದು ನೋಡಿದೆವು. ತೀರ್ಮಾನ ಆಗಲಿಲ್ಲ, ಹೊಟ್ಟೆ ತುಂಬಿತು.

ಅಲ್ಲಿಂದ ಕಾರಂಜಿಗೆ ಹತ್ತಿರ. ಗೇಟಿನ ಮುಂದೆ ಕ್ಯೂ. ಕೇಸರಿ ಬಿಳಿ ಹಸಿರು ಟೋಪಿ ಹಾಕಿಕೊಂಡ ಮಕ್ಕಳು, ಕೆನ್ನೆ ಮೇಲೆ ಬಾವುಟದ ಸ್ಟಿಕ್ಕರ್. ಹೊರಗೆ ಸೀಬೆಕಾಯಿಗೆ ಉಪ್ಪು ಖಾರ ಸವರಿ ಕೊಡುವ ಗಾಡಿ. ಟಿಕೆಟ್ ತಗೊಂಡು ಒಳಗೆ ಹೋದರೆ ಬಿದಿರು ಮೆಳೆಗಳ ಕೆಳಗೆ ತಂಪು ದಾರಿ, ಅದು ಮುಗಿದ ಕೂಡಲೇ ಎದುರಿಗೆ ಬಿಸಿಲು, ನೀರು, ಅದರ ಹಿಂದೆ ಚಾಮುಂಡಿ ಬೆಟ್ಟ. ಕುಕ್ಕರಹಳ್ಳಿಯಿಂದ ಬೆಟ್ಟ ದೂರದಲ್ಲಿರುತ್ತೆ. ಇಲ್ಲಿ ಅದು ಕೆರೆಗೆ ಗೋಡೆ.

ಕಾರಂಜಿ ಕೆರೆ ಝೂನ ಬೆನ್ನಿಗೇ ಇದೆ. ಝೂ 1892ರದು, ಚಾಮರಾಜೇಂದ್ರ ಒಡೆಯರ ಕಾಲದ್ದು. ಪ್ರಾಣಿಗಳಿಗೆ ಬೇಕಾದ ನೀರಿಗೆ ಈ ಕೆರೆಯಿಂದ ಜಿನುಗಿ ಇಳಿಯುವ ನೀರೇ ಆಧಾರ. ಅದಕ್ಕೇ 1976ರಲ್ಲಿ ಝೂನವರು ಕೆರೆಯನ್ನು ಲೋಕೋಪಯೋಗಿ ಇಲಾಖೆಯಿಂದ ತಮ್ಮ ಸುಪರ್ದಿಗೆ ತಗೊಂಡರು. ಆಮೇಲೂ ಕೊಳಚೆ ನುಗ್ಗಿ ಕೆರೆ ಕೆಟ್ಟು, ಮತ್ತೆ ರಿಪೇರಿಯಾಗಿ ಈಗಿನ ರೂಪಕ್ಕೆ ಬಂದಿದೆ. ಅಂಕಲ್ ಮಾತು ಇಲ್ಲಿ ಪೂರ್ತಿ ಸರಿ ಹೋಗುತ್ತೆ ಅಂತ ನಾನು ಅಂದೆ. ಹುಲಿ, ಆನೆಗಳಿಗೆ ಬಾಯಾರಿಕೆ ಆಗುತ್ತೆ ಅಂತ ಉಳಿದ ಕೆರೆ. ಮೇಷ್ಟ್ರು, "ಅಂದ್ರೆ ಉಪಯೋಗಿಸೋನು ಇದ್ರೆ ಕೆರೆ ಉಳಿಯುತ್ತೆ. ಯಜಮಾನ ಅಲ್ಲ, ಬಾಯಾರಿಕೆ ಇರೋನು ಬೇಕು. ನಾನು ಹೇಳಿದ್ದೂ ಅದೇ" ಅಂದರು. ಅವರು ಶನಿವಾರ ಹೇಳಿದ್ದು ಅದಲ್ಲ. ಆದರೂ ಮಾತು ಚೆನ್ನಾಗಿತ್ತು, ಬಿಟ್ಟೆ.

ಪಕ್ಷಿಗಳ ದೊಡ್ಡ ಪಂಜರದೊಳಗೆ ನಡೆದುಕೊಂಡೇ ಹೋಗಬಹುದು. ನವಿಲುಗಳು ದಾರಿಗೆ ಅಡ್ಡ ಬರುತ್ತವೆ. ಮಕ್ಕಳ ಕಿರುಚಾಟದಲ್ಲಿ ಹಕ್ಕಿಯ ದನಿ ಕೇಳಲಿಲ್ಲ. ಬೇಗ ಹೊರಗೆ ಬಂದೆವು. ದಡದಲ್ಲಿರುವ ನೈಸರ್ಗಿಕ ಇತಿಹಾಸದ ಮ್ಯೂಸಿಯಂ ಅವತ್ತು ಬಾಗಿಲು ಹಾಕಿತ್ತು. ಚಿಟ್ಟೆ ಪಾರ್ಕು ಇರುವ ಪುಟ್ಟ ದ್ವೀಪಕ್ಕೆ ಹೋಗಿ ಬಂದೆವು. ಹನ್ನೊಂದರ ಬಿಸಿಲಿಗೆ ಚಿಟ್ಟೆಗಳಿಗೆ ಜೀವ ಬಂದಿತ್ತು. ಬೆಳಗ್ಗೆ ಬಂದಿದ್ದರೆ ಒಂದೂ ಹಾರುತ್ತಿರಲಿಲ್ಲ, ಅವಕ್ಕೂ ರೆಕ್ಕೆ ಬಿಸಿಯಾಗಬೇಕು. ನನ್ನ ವಾದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತು.

ಬೋಟಿಂಗ್ ಕ್ಯೂನಲ್ಲಿ ಮುಕ್ಕಾಲು ಗಂಟೆ. ಪೆಡಲ್ ಬೋಟು, ನಾಲ್ಕು ಜನಕ್ಕೆ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟರು. ಉದ್ದನಿಗೆ ಅದು ಎದೆಗೇ ನಿಂತಿತು. ಮುಂದೆ ಪೆಡಲ್ ತುಳಿಯಲು ಅವನೂ ನಾನೂ, ಹಿಂದೆ ಮೇಷ್ಟ್ರು ಮತ್ತು ಸುಮ. ಉದ್ದನ ಮೊಣಕಾಲು ಸ್ಟೇರಿಂಗಿಗೆ ತಗುಲುತ್ತಿತ್ತು. ಪ್ರತಿ ಸಲ ತುಳಿದಾಗಲೂ ಬೋಟು ತಾನಾಗಿಯೇ ಎಡಕ್ಕೆ ತಿರುಗುತ್ತಿತ್ತು. ಒಂದು ಸುತ್ತು ಪೂರ್ತಿ ಹಾಕಿ ಮತ್ತೆ ಹೊರಟ ಜಾಗಕ್ಕೇ ಬಂದೆವು. ಕ್ಯೂನಲ್ಲಿದ್ದವರು ಚಪ್ಪಾಳೆ ಹೊಡೆದರು.

"ಲೋ, ಇಳಿದು ಹಿಂದೆ ಕೂತ್ಕೊಳೋ" ಅಂದಳು ಸುಮ.

"ನೀರಲ್ಲಿ ಎಲ್ಲಿ ಇಳೀಲೇ?"

ಕೊನೆಗೆ ಅವನು ಕಾಲು ಮಡಚಿಕೊಂಡು ಕೂತ, ತುಳಿಯುವ ಕೆಲಸ ನನ್ನೊಬ್ಬನಿಗೇ ಬಿತ್ತು. ಹಿಂದಿನಿಂದ ಮೇಷ್ಟ್ರ ಡೈರೆಕ್ಷನ್ನು. ನಡುಗಡ್ಡೆಯ ಹತ್ತಿರ ಬಂದ ಮೇಲೆ ತುಳಿಯುವುದು ನಿಲ್ಲಿಸಿದೆ. ಹತ್ತಿರ ಹೋಗುವ ಹಾಗಿಲ್ಲ, ಗೂಡುಗಳಿವೆ. ಬಣ್ಣದ ಕೊಕ್ಕರೆಗಳು ಕೊಂಬೆ ಕೊಂಬೆಯಲ್ಲಿ ನಿಂತಿದ್ದವು. ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ. ಒಂದು ಕೊಕ್ಕರೆ ಎಲ್ಲಿಂದಲೋ ಎಲೆ ಸಮೇತ ಒಂದು ರೆಂಬೆ ಕಚ್ಚಿಕೊಂಡು ಬಂತು. ಗೂಡಿನಲ್ಲಿದ್ದದ್ದು ಅದನ್ನು ಇಸಿದುಕೊಂಡು, ತಿರುಗಿಸಿ ನೋಡಿ, ಒಂದು ಕಡೆ ಸಿಕ್ಕಿಸಿತು. ಸರಿ ಹೋಗಲಿಲ್ಲ. ಕಿತ್ತು ಇನ್ನೊಂದು ಕಡೆ ಸಿಕ್ಕಿಸಿತು. ತಂದದ್ದು ಪಕ್ಕದಲ್ಲಿ ಸುಮ್ನೆ ನಿಂತಿತ್ತು. "ನಮ್ಮಪ್ಪ ಅಮ್ಮ" ಅಂದಳು ಸುಮ.

ಬೋಟು ತೇಲುತ್ತಿತ್ತು. ಬಿಸಿಲು ನೆತ್ತಿಗೆ ಬಂದಿದ್ದರೂ ಸುಡುತ್ತಿರಲಿಲ್ಲ, ನೀರಿನ ಮೇಲಿಂದ ಗಾಳಿ ಬರುತ್ತಿತ್ತು. ಮೇಷ್ಟ್ರು ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದರು. ಉದ್ದ ಬ್ಯಾಂಕಿನ ಟ್ರಾನ್ಸ್‌ಫರ್ ವಿಷಯ ಎತ್ತಿದ. ಮುಂದಿನ ವರ್ಷ ಗುಜರಾತಿಗೋ ಒಡಿಶಾಕ್ಕೋ ಹಾಕಬಹುದಂತೆ. ಅದನ್ನು ಈ ದಿನಗಳಲ್ಲಿ ಯಾರಿಗೂ ಹೇಳಿರಲಿಲ್ಲ. ನಾವು ಏನೋ ಸಮಾಧಾನ ಹೇಳಲು ಹೋದೆವು. "ಬಿಡ್ರೋ, ಅಲ್ಲೂ ಕೆರೆ ಇರುತ್ತೆ" ಅಂದ. "ಚಿಲಿಕಾ ಇದೆಯಲ್ಲಾ, ನಾವೇ ಬರ್ತೀವಿ" ಅಂದರು ಮೇಷ್ಟ್ರು, ಕಣ್ಣು ಬಿಡದೆ.

ಅಷ್ಟರಲ್ಲಿ ದಡದಿಂದ ಸೀಟಿ. ಒಂದು, ಎರಡು, ಆಮೇಲೆ ಉದ್ದಕ್ಕೆ ಒಂದು. ನಮ್ಮ ಟೈಮು ಮುಗಿದಿತ್ತು. ಗಾಳಿ ಎದುರಿಗಿತ್ತು, ತುಳಿದು ತುಳಿದು ನನ್ನ ತೊಡೆ ನೋಯಿತು. ದಡಕ್ಕೆ ಬಂದಾಗ ಬೋಟಿನವನು ಗಡಿಯಾರ ನೋಡಿ ತಲೆ ಅಲ್ಲಾಡಿಸಿದ.

ಸುಮ ಲೈಫ್ ಜಾಕೆಟ್ ಬಿಚ್ಚಲಿಲ್ಲ. "ಸಾರ್, ಇನ್ನೊಂದು ರೌಂಡ್ ಹೋಗಬಹುದಾ?"

"ಹೋಗ್ಬಹುದು ಮೇಡಂ. ಟಿಕೆಟ್ ತಗೊಂಡು ಕ್ಯೂನಲ್ಲಿ ಬನ್ನಿ. ಆ ಉದ್ದ ಇರೋರನ್ನ ಮಾತ್ರ ಹಿಂದೆ ಕೂರಿಸ್ಕೊಳ್ಳಿ."

ನನ್ನ ರೈಲು ಎರಡೂವರೆಗೆ ಇತ್ತು. ಕ್ಯೂ ನೋಡಿದೆ, ಟೋಪಿ ಹಾಕಿದ ಮಕ್ಕಳು ಬಿದಿರು ಮೆಳೆಯವರೆಗೂ ನಿಂತಿದ್ದರು. ಮೇಷ್ಟ್ರು ಆಗಲೇ ಅವರ ಹಿಂದೆ ನಿಂತು ಒಬ್ಬ ಹುಡುಗನಿಗೆ ನೀರುಕಾಗೆ ರೆಕ್ಕೆ ಯಾಕೆ ಬಿಚ್ಚುತ್ತೆ ಅಂತ ಹೇಳಿಕೊಡುತ್ತಿದ್ದರು. ಉದ್ದ ಟಿಕೆಟ್ ಕೌಂಟರಿನ ಕಡೆ ಹೊರಟಿದ್ದ. ನಾನು ಫೋನು ತೆಗೆದು ರೈಲಿನ ಟಿಕೆಟ್ ಕ್ಯಾನ್ಸಲ್ ಮಾಡಿದೆ. ಬೆಂಗಳೂರಿಗೆ ರಾತ್ರಿಯೆಲ್ಲ ಬಸ್ಸಿದೆ.